ಲೆಕ್ಕಕ್ಕೆ ಬಾರದ ಉಂಡೆ: ತಿಪಟೂರು ಕಡೆಯ ಒಂದು ಪ್ರಕರಣ

ತುಮಕೂರಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಊಟ-ತಿಂಡಿಯ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಈ ಪ್ರಕರಣ ಅಲ್ಲಿಯದೇ. ಗುರುತು ಸಿಗಬಾರದೆಂದು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹೆಸರಿನ ಬದಲು ‘ಯಜಮಾನರು’ ಎನ್ನುತ್ತೇನೆ. ಅವರ ಮನೆಯಲ್ಲೂ ಬಂದವರೆಲ್ಲ ಹಾಗೇ ಕರೆಯುವುದು.

ಹಿನ್ನೆಲೆ

ಯಜಮಾನರಿಗೆ ಅರವತ್ತು ದಾಟಿದೆ. ತಿಪಟೂರು ಕಡೆ ತೆಂಗಿನ ತೋಟ ಇದೆ. ಶುಗರ್ ಬಂದು ಆರು ವರ್ಷ. ಮೆಟ್‌ಫಾರ್ಮಿನ್ 500 ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ ಮೇಲೆ. ಗ್ಲಿಮೆಪಿರೈಡ್ 2 ಮಿಲಿಗ್ರಾಂ ಬೆಳಿಗ್ಗೆ ತಿಂಡಿಗೆ ಮುಂಚೆ. ಜೂನ್‌ನಲ್ಲಿ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 7.4 ಇತ್ತು. ಸಾಮಾನ್ಯವಾಗಿ 7ರ ಒಳಗಿದ್ದರೆ ಒಳ್ಳೆಯದು ಎನ್ನುತ್ತಾರೆ. ಅವರ ವಯಸ್ಸಿಗೆ 7.4 ಪರವಾಗಿಲ್ಲ ಎಂದು ಡಾಕ್ಟರು ಬಿಟ್ಟಿದ್ದರು.

ಡಿಸೆಂಬರ್‌ನಲ್ಲಿ ಅದು 9.0ಕ್ಕೆ ಏರಿತು. ಬರಿ ಹೊಟ್ಟೆಯಲ್ಲಿ 168, ಊಟ ಆಗಿ ಎರಡು ಗಂಟೆಗೆ 262. ತೂಕವೂ ಮೂರು ಕೇಜಿ ಜಾಸ್ತಿ. ಇನ್ನೊಂದು ಮಾತ್ರೆ ಸೇರಿಸುವುದೋ, ಇನ್ಸುಲಿನ್ ಶುರು ಮಾಡುವುದೋ ಎಂದು ಡಾಕ್ಟರು ಯೋಚಿಸುತ್ತಿದ್ದರು. ಅದಕ್ಕೆ ಮುಂಚೆ ಒಂದು ಸಲ ಊಟ ನೋಡಿಬಿಡಿ ಎಂದು ನನ್ನ ಹತ್ತಿರ ಕಳಿಸಿದರು. ಜೊತೆಗೆ ಸೊಸೆ ಬಂದಿದ್ದಳು.

ಸಮಸ್ಯೆ, ಅವರ ಮಾತಿನಲ್ಲಿ

ಯಜಮಾನರಿಗೆ ಬೇಜಾರಾಗಿತ್ತು. ಸ್ವಲ್ಪ ಸಿಟ್ಟೂ ಇತ್ತು.

“ಮೇಡಂ, ನಾನು ಸಿಹಿ ಮುಟ್ಟಿ ನಾಲ್ಕು ತಿಂಗಳಾಯ್ತು. ಗಣೇಶನ ಹಬ್ಬಕ್ಕೆ ಒಂದು ಕಡುಬೂ ತಿನ್ನಲಿಲ್ಲ. ಆಮೇಲೂ ಹಿಂಗೆ ಏರಿದ್ರೆ ಏನ್ ಮಾಡ್ಬೇಕು?”

ಸೊಸೆ ತಲೆಯಾಡಿಸಿದಳು. ಹೌದು, ಮಾವ ಸಿಹಿ ಮುಟ್ಟಿಲ್ಲ.

ಜೊತೆಗೆ ಇನ್ನೊಂದು ತೊಂದರೆ. ಎರಡು ತಿಂಗಳಿಂದ ಹೊಟ್ಟೆ ಉಬ್ಬರ, ಸಂಜೆಯಾದರೆ ಗುಡುಗುಡು, ದಿನಕ್ಕೆ ಮೂರು ನಾಲ್ಕು ಸಲ ಬೇಧಿ. ಮೆಟ್‌ಫಾರ್ಮಿನ್ ಹೊಟ್ಟೆ ಕೆಡಿಸುತ್ತದೆ ಎಂದು ಯಾರೋ ಹೇಳಿದ್ದಾರೆ. ಅದು ಸುಳ್ಳಲ್ಲ, ಆ ಮಾತ್ರೆಗೆ ಆ ಗುಣ ಇದೆ. ಯಜಮಾನರು ಯಾರಿಗೂ ಹೇಳದೆ ಅಕ್ಟೋಬರ್‌ನಿಂದ ರಾತ್ರಿಯ ಮಾತ್ರೆ ನಿಲ್ಲಿಸಿದ್ದರು. ಇದು ಹೊರಬಂದಿದ್ದು ನನ್ನ ಮುಂದೆ ಕೂತಾಗ. ಸೊಸೆಗೂ ಅವತ್ತೇ ಗೊತ್ತಾಗಿದ್ದು.

ಇಲ್ಲಿಗೆ ಪ್ರಕರಣ ಮುಗಿದ ಹಾಗೇ ಕಾಣುತ್ತಿತ್ತು. ಅರ್ಧ ಮಾತ್ರೆ ಬಿಟ್ಟಿದ್ದಾರೆ, ಸಕ್ಕರೆ ಏರಿದೆ. ಮಾತ್ರೆ ಮತ್ತೆ ಶುರು ಮಾಡಿಸಿ, ಹೊಟ್ಟೆಗೆ ಹಿತವಾಗುವಂತೆ ನಿಧಾನವಾಗಿ ಕರಗುವ ಬಗೆಯದು ಬರೆಸಿ ಕಳಿಸಬಹುದಿತ್ತು. ನಾನು ಹಾಗೆ ಮಾಡುವವಳೇ ಇದ್ದೆ. ಆದರೆ ಎರಡು ವಿಷಯ ಸರಿ ಹೊಂದಲಿಲ್ಲ.

ಮೆಟ್‌ಫಾರ್ಮಿನ್‌ನಿಂದ ಹೊಟ್ಟೆ ಕೆಡುವುದು ಹೆಚ್ಚಾಗಿ ಮಾತ್ರೆ ಶುರು ಮಾಡಿದಾಗ ಅಥವಾ ಜಾಸ್ತಿ ಮಾಡಿದಾಗ. ಇವರು ಆರು ವರ್ಷದಿಂದ ತೊಂದರೆ ಇಲ್ಲದೆ ನುಂಗುತ್ತಿದ್ದಾರೆ. ಎರಡನೆಯದು ಇನ್ನೂ ನೇರ: ರಾತ್ರಿ ಮಾತ್ರೆ ಬಿಟ್ಟ ಮೇಲೂ ಬೇಧಿ ಕಡಿಮೆ ಆಗಿರಲಿಲ್ಲ, ಜಾಸ್ತಿ ಆಗಿತ್ತು.

“ಈ ಎರಡು ತಿಂಗಳಲ್ಲಿ ಹೊಟ್ಟೆ ಚೆನ್ನಾಗಿದ್ದ ದಿನ ಯಾವುದಾದರೂ ಇದೆಯಾ?” ಎಂದು ಕೇಳಿದೆ.

ಸೊಸೆ ಯೋಚಿಸಿ ಹೇಳಿದಳು. “ಅರಸೀಕೆರೆಗೆ ನಾದಿನಿ ಮನೆಗೆ ಹೋಗಿದ್ರಲ್ಲ ಮಾವ, ಒಂದು ನಾಲ್ಕು ದಿನ. ಅಲ್ಲಿ ಚೆನ್ನಾಗಿತ್ತು ಅಂದ್ರಿ.”

ಅಲ್ಲಿ ಇಲ್ಲದ್ದು ಇಲ್ಲಿ ಏನಿದೆ? ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಬಾಯಿಗೆ ಹೋಗಿದ್ದೆಲ್ಲ ಹೇಳಿ ಎಂದೆ. ಕಾಫಿ, ತಿಂಡಿ, ಮುದ್ದೆ, ಸಾರು, ಅನ್ನ, ಮಜ್ಜಿಗೆ. ಎಲ್ಲ ಮಾಮೂಲಿ. ಕಾಫಿಗೆ ಸಕ್ಕರೆ ಇಲ್ಲ. “ಕಾಫಿ ಜೊತೆ ಏನಾದ್ರೂ?” ಎಂದೆ.

“ಏನಿಲ್ಲ, ಆ ಉಂಡೆ ಒಂದು.”

“ಯಾವ ಉಂಡೆ?”

“ಶುಗರ್ ಇರೋರದ್ದೇ ಉಂಡೆ ಮೇಡಂ. ಮಗ ಬೆಂಗಳೂರಿಂದ ತರ್ತಾನೆ. ಸಕ್ಕರೆ ಹಾಕಿರಲ್ಲ.”

ಸಿಹಿ ತಿನ್ನುತ್ತೀರಾ ಎಂದು ನಾನು ಮೂರು ಸಲ ಕೇಳಿದ್ದೆ. ಮೂರು ಸಲವೂ ಇಲ್ಲ ಎಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಆ ಉಂಡೆ ಸಿಹಿಯೇ ಅಲ್ಲ, ಅದು ಒಂದು ಥರ ಔಷಧದ ಸಾಲಿನದು. ಒಂದು ಅಂದಿದ್ದೂ ಬೆಳಗಿನ ಕಾಫಿಗೆ ಮಾತ್ರ. ಹನ್ನೊಂದು ಗಂಟೆ ಕಾಫಿಗೆ ಒಂದು, ಸಂಜೆ ಎರಡು, ರಾತ್ರಿ ಊಟ ಆದ ಮೇಲೆ ಬಾಯಿಗೆ ಒಂದು. ದಿನಕ್ಕೆ ಐದು.

ಡಬ್ಬಿಯ ಬೆನ್ನು

ಮರುದಿನ ಸೊಸೆ ಡಬ್ಬಿಯ ಫೋಟೋ ಕಳಿಸಿದಳು. ಮುಂದೆ ದೊಡ್ಡ ಅಕ್ಷರದಲ್ಲಿ ಶುಗರ್ ಫ್ರೀ, ಒಂದು ಹಸಿರು ಎಲೆ, ಓಡುತ್ತಿರುವ ಒಬ್ಬ ಹಿರಿಯರ ಚಿತ್ರ. ಕಂಪನಿ ಹೆಸರು ಬೇಡ, ಇಂಥವು ಹತ್ತಾರು ಇವೆ. ಹಿಂದೆ, ಕನ್ನಡಕ ಹಾಕಿಕೊಂಡರೂ ಕಷ್ಟಪಡಬೇಕಾದ ಅಕ್ಷರದಲ್ಲಿ ಸಾಮಗ್ರಿಗಳ ಪಟ್ಟಿ: ರವೆ, ತುಪ್ಪ, ಮಾಲ್ಟಿಟಾಲ್ (965), ಮಾಲ್ಟೊಡೆಕ್ಸ್‌ಟ್ರಿನ್, ಗೋಡಂಬಿ, ಸುಕ್ರಲೋಸ್ (955). ನೂರು ಗ್ರಾಂಗೆ 445 ಕ್ಯಾಲೊರಿ, ಕಾರ್ಬೋಹೈಡ್ರೇಟ್ 62 ಗ್ರಾಂ, ಅದರಲ್ಲಿ ಪಾಲಿಯಾಲ್, ಅಂದರೆ ಇಲ್ಲಿ ಮಾಲ್ಟಿಟಾಲ್, 28 ಗ್ರಾಂ. ಕೊಬ್ಬು 24 ಗ್ರಾಂ. ಸಕ್ಕರೆ 0.3 ಗ್ರಾಂ.

ಡಬ್ಬಿ ಸುಳ್ಳು ಹೇಳಿಲ್ಲ. ನಮ್ಮ ದೇಶದ ನಿಯಮದಲ್ಲಿ ನೂರು ಗ್ರಾಂ ತಿನಿಸಿನಲ್ಲಿ ಸಕ್ಕರೆ 0.5 ಗ್ರಾಂ ದಾಟದಿದ್ದರೆ ಶುಗರ್ ಫ್ರೀ ಎಂದು ಬರೆಯಬಹುದು. ರವೆ ಎಷ್ಟಿದೆ, ತುಪ್ಪ ಎಷ್ಟಿದೆ ಎಂದು ಆ ಎರಡು ಪದ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ.

ಉಂಡೆಯಲ್ಲಿ ಸಕ್ಕರೆ ಬರೀ ಸಿಹಿಗಲ್ಲ, ಗಾತ್ರಕ್ಕೂ ಬೇಕು. ಅಡುಗೆ ಮಾಡುವವರಿಗೆ ಇದು ಗೊತ್ತು. ಒಂದು ಲೋಟ ರವೆಗೆ ಮುಕ್ಕಾಲು ಲೋಟ ಸಕ್ಕರೆ ಹಾಕುವ ಕಡೆ ಒಂದು ಚಿಟಿಕೆ ಸುಕ್ರಲೋಸ್ ಹಾಕಿದರೆ ಸಿಹಿ ಬರುತ್ತದೆ, ಅದು ಸಕ್ಕರೆಯ ಸುಮಾರು 600 ಪಟ್ಟು ಸಿಹಿ. ಆದರೆ ಉಂಡೆ ಕಟ್ಟಲು ಬರುವುದಿಲ್ಲ. ಆ ಜಾಗ ತುಂಬಲು ಮಾಲ್ಟಿಟಾಲ್, ಮಾಲ್ಟೊಡೆಕ್ಸ್‌ಟ್ರಿನ್ ಬರುತ್ತವೆ. ಮಾಲ್ಟಿಟಾಲ್ ಸಕ್ಕರೆಗಿಂತ ನಿಧಾನ, ಗ್ರಾಂಗೆ ಕ್ಯಾಲೊರಿಯೂ ಹೆಚ್ಚುಕಡಿಮೆ ಅರ್ಧ. ಆದರೆ ಸೊನ್ನೆ ಅಲ್ಲ. ಮಾಲ್ಟೊಡೆಕ್ಸ್‌ಟ್ರಿನ್ ಅಂತೂ ಪಿಷ್ಟವನ್ನು ಒಡೆದು ಮಾಡಿದ ಪುಡಿ. ಹೆಸರು ಸಕ್ಕರೆಯದಲ್ಲ, ರಕ್ತದಲ್ಲಿ ಓಡುವ ವೇಗ ಮಾತ್ರ ಗ್ಲೂಕೋಸಿನ ಹತ್ತಿರದ್ದು.

ಒಂದು ಉಂಡೆ 30 ಗ್ರಾಂ ತೂಗುತ್ತಿತ್ತು. ಐದಕ್ಕೆ 150 ಗ್ರಾಂ. ಸುಮಾರು 670 ಕ್ಯಾಲೊರಿ. ಮಾಲ್ಟಿಟಾಲ್ ಬಿಟ್ಟು ಉಳಿದ ಕಾರ್ಬೋಹೈಡ್ರೇಟೇ 51 ಗ್ರಾಂ. ಯಜಮಾನರಿಗೆ ಅರ್ಥವಾಗಲಿ ಎಂದು ನಾನು ಹೇಳಿದ್ದು ಹೀಗೆ: ದಿನಾ ನಿಮ್ಮ ಊಟದ ಮೇಲೆ ಇನ್ನೊಂದು ಮಧ್ಯಮ ಗಾತ್ರದ ಮುದ್ದೆ ನುಂಗಿ, ಅದಕ್ಕೆ ಎರಡು ಮೂರು ದೊಡ್ಡ ಚಮಚ ತುಪ್ಪ ಬಿಟ್ಟುಕೊಂಡ ಹಾಗೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುದ್ದೆ ಆಗಿದ್ರೆ ಹೊಟ್ಟೆನಾದ್ರೂ ತುಂಬ್ತಿತ್ತು” ಎಂದರು.

ಬೇಧಿಯ ಉತ್ತರವೂ ಅಲ್ಲೇ ಇತ್ತು. ಮಾಲ್ಟಿಟಾಲ್, ಸಾರ್ಬಿಟಾಲ್ ಥರದವು ಸಣ್ಣ ಕರುಳಿನಲ್ಲಿ ಪೂರ್ತಿ ಹೀರಿಕೊಳ್ಳುವುದಿಲ್ಲ. ಉಳಿದದ್ದು ದೊಡ್ಡ ಕರುಳಿಗೆ ಹೋಗಿ ನೀರು ಎಳೆಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿ ಹಿಡಿಸಿ ಗಾಳಿ ಮಾಡುತ್ತವೆ. ಇವರ ಹೊಟ್ಟೆಗೆ ದಿನಕ್ಕೆ 42 ಗ್ರಾಂ ಹೋಗುತ್ತಿತ್ತು. ಅಷ್ಟು ಹೋದರೆ ಹಲವರ ಹೊಟ್ಟೆ ತಡೆಯುವುದಿಲ್ಲ. ಜಾಸ್ತಿ ತಿಂದರೆ ಬೇಧಿಯಾಗಬಹುದು ಎಂಬ ಎಚ್ಚರಿಕೆ ಡಬ್ಬಿಯ ಮೇಲೆ ಇತ್ತು. ಇಂಗ್ಲಿಷಿನಲ್ಲಿ, ಮಡಿಕೆ ಬೀಳುವ ಅಂಚಿನಲ್ಲಿ.

ಏನು ಮಾಡಿದೆವು

ಎರಡೂ ಒಟ್ಟಿಗೆ ಮಾಡಬೇಕೆನಿಸಿತ್ತು: ಉಂಡೆ ನಿಲ್ಲಿಸಿ, ಮಾತ್ರೆ ಶುರು ಮಾಡಿ. ಹಾಗೆ ಮಾಡಿದ್ದರೆ ಹೊಟ್ಟೆಗೆ ಯಾವುದು ಕಾರಣ ಎಂದು ಯಜಮಾನರು ಒಪ್ಪುತ್ತಿರಲಿಲ್ಲ. ಸ್ವಲ್ಪ ಉಬ್ಬರ ಉಳಿದಿದ್ದರೂ ಮಾತ್ರೆಯ ಮೇಲೇ ಹಾಕುತ್ತಿದ್ದರು. ಡಾಕ್ಟರನ್ನು ಕೇಳಿದೆ, ಒಂದು ವಾರ ತಡೆಯಬಹುದು ಎಂದರು. ಮೊದಲ ವಾರ ಉಂಡೆ ಮಾತ್ರ ಬಂದ್. ನಾಲ್ಕನೇ ದಿನಕ್ಕೆ ಹೊಟ್ಟೆ ಸರಿಯಾಯಿತು. ಎಂಟನೇ ದಿನ ರಾತ್ರಿಯ ಮೆಟ್‌ಫಾರ್ಮಿನ್ ಮತ್ತೆ ಶುರುವಾಯಿತು. ಹೊಟ್ಟೆ ಹಾಗೇ ಸರಿ ಇತ್ತು. ಹೊಸ ಮಾತ್ರೆಯ ಮಾತು ಅಲ್ಲಿಗೆ ನಿಂತಿತು.

ಕಷ್ಟವಾಗಿದ್ದು ಸೊಸೆಯದು. ಆ ಡಬ್ಬಿ ತರಿಸುತ್ತಿದ್ದವಳು ಅವಳೇ. ಹಬ್ಬದ ದಿನ ಎಲ್ಲರೂ ತಿನ್ನುವಾಗ ಮಾವ ಎದ್ದು ಜಗಲಿಗೆ ಹೋಗಿ ಕೂರುತ್ತಿದ್ದರಂತೆ, ನೋಡಲಾಗದೆ ಗಂಡನಿಗೆ ಹೇಳಿ ತರಿಸಿದ್ದಳು. ಬೆಲೆಯೂ ಮಾಮೂಲಿ ಉಂಡೆಗಿಂತ ಜಾಸ್ತಿ. “ಹಂಗಾದ್ರೆ ಇದು ಮೋಸಾನಾ ಮೇಡಂ?” ಎಂದು ಕೇಳಿದಳು. ಕಣ್ಣು ತುಂಬಿತ್ತು.

ಮೋಸ ಎನ್ನಲು ನನಗೆ ಮನಸ್ಸು ಬರಲಿಲ್ಲ. ಜರ್ಮನಿಯಲ್ಲಿ ಸಕ್ಕರೆ ಕಾಯಿಲೆಯವರಿಗೆಂದೇ ಹಣೆಪಟ್ಟಿ ಹಚ್ಚಿದ ತಿನಿಸುಗಳು ಎಷ್ಟೋ ವರ್ಷ ಅಂಗಡಿಯಲ್ಲಿ ಬೇರೆ ಸಾಲಿನಲ್ಲೇ ಇದ್ದವು. ಅದರಿಂದ ವಿಶೇಷ ಲಾಭ ಇಲ್ಲ ಎಂದು 2012ರ ಹೊತ್ತಿಗೆ ಆ ಹಣೆಪಟ್ಟಿ ತೆಗೆಸಿದರು. ಅಲ್ಲಿನವರೇ ಅಷ್ಟು ವರ್ಷ ನಂಬಿದ್ದನ್ನು ತಿಪಟೂರಿನ ಒಬ್ಬ ಸೊಸೆ ನಾಲ್ಕು ತಿಂಗಳು ನಂಬಿದರೆ ತಪ್ಪೇನು, ಅಲ್ವಾ? ಅವಳಿಗೂ ಇದನ್ನೇ ಹೇಳಿದೆ.

ಆದರೆ ಮಾತಿಗಿಂತ ಮೀಟರ್ ಮೇಲು ಎಂದು ಮನೆಯಲ್ಲೇ ಒಂದು ಪರೀಕ್ಷೆ ಮಾಡಿಸಿದೆವು. ಜನವರಿ ಮೊದಲ ವಾರ, ಆರು ಬೆಳಿಗ್ಗೆ. ಎರಡು ದಿನ ಬರೀ ಒಂದು ತಟ್ಟೆ ಇಡ್ಲಿ, ಚಟ್ನಿ. ಎರಡು ದಿನ ತಟ್ಟೆ ಇಡ್ಲಿ ಜೊತೆ ಎರಡು ಶುಗರ್ ಫ್ರೀ ಉಂಡೆ. ಇನ್ನೆರಡು ದಿನ ಅರ್ಧ ತಟ್ಟೆ ಇಡ್ಲಿ, ಜೊತೆಗೆ ಮನೆಯಲ್ಲೇ ಸಕ್ಕರೆ ಹಾಕಿ ಕಟ್ಟಿದ, ನಿಂಬೆಹಣ್ಣಿಗಿಂತ ಚಿಕ್ಕದಾದ ಒಂದು ರವೆ ಉಂಡೆ, 15 ಗ್ರಾಂ. ತಿಂಡಿಗೆ ಮುಂಚೆ, ಆಮೇಲೆ ಎರಡು ಗಂಟೆಗೆ, ಮೂರು ಗಂಟೆಗೆ. ಮೂರನೇ ಗಂಟೆ ಯಾಕೆಂದರೆ ತುಪ್ಪ ಇರುವ ತಿಂಡಿ ನಿಧಾನವಾಗಿ ಏರಿಸುತ್ತದೆ, ಎರಡು ಗಂಟೆಗೆ ನೋಡಿ ನಿಲ್ಲಿಸಿದರೆ ಕಣ್ಣು ತಪ್ಪಬಹುದು.

ಬರೀ ಇಡ್ಲಿಗೆ ಎರಡು ಗಂಟೆಯಲ್ಲಿ ಸರಾಸರಿ 52 ಏರಿತು. ಶುಗರ್ ಫ್ರೀ ಉಂಡೆ ಸೇರಿದಾಗ 88. ಮೂರನೇ ಗಂಟೆಯಲ್ಲೂ 71 ಮೇಲೆಯೇ ನಿಂತಿತ್ತು. ಅರ್ಧ ಇಡ್ಲಿ, ಒಂದು ಪುಟ್ಟ ಸಕ್ಕರೆ ಉಂಡೆಗೆ 55.

ಸೊಸೆ ಜಾಣೆ. “ಅದೇ ಸಕ್ಕರೆ ಉಂಡೆ ಎರಡು ದೊಡ್ಡದು, ಪೂರ್ತಿ ಇಡ್ಲಿ ಜೊತೆ ತಿಂದಿದ್ರೆ?” ಎಂದಳು. ಇನ್ನೂ ಜಾಸ್ತಿ ಏರುತ್ತಿತ್ತು, ಅದರಲ್ಲಿ ಅನುಮಾನ ಇಲ್ಲ. ಈ ಹೋಲಿಕೆ ಸಮ ಅಲ್ಲ. ಮನೆಯ ಮೀಟರ್ 15 ಶೇಕಡಾ ಆಚೀಚೆ ತೋರಿಸುವುದೂ ಮಾಮೂಲು, ಆರು ದಿನದಲ್ಲಿ ಏನೂ ಸಾಬೀತಾಗುವುದಿಲ್ಲ. ಆದರೆ ಯಜಮಾನರು ನಿಜವಾಗಿ ತಿನ್ನುತ್ತಿದ್ದ ರೀತಿಯೇ ಅದು. ಸಕ್ಕರೆ ಉಂಡೆ ಎಂದರೆ ಅವರ ಕೈ ಒಂದಕ್ಕೇ ನಿಲ್ಲುತ್ತದೆ, ಭಯ ಇದೆ. ಶುಗರ್ ಫ್ರೀ ಎಂದರೆ ಎಣಿಸುವುದೇ ಇಲ್ಲ. ನಾನು ಅಳೆಯಬೇಕೆಂದಿದ್ದು ಆ ಎಣಿಕೆಯನ್ನು.

ಸಂಕ್ರಾಂತಿಗೆ ಮುಂಚೆ ಹೊಸ ಒಪ್ಪಂದ ಆಯಿತು. ಹಬ್ಬದ ಸಿಹಿ ಉಂಟು, ಆದರೆ ಊಟದ ಜೊತೆಗೆ, ಊಟದಿಂದ ಅಷ್ಟನ್ನು ಕಳೆದು. ಎಳ್ಳು-ಬೆಲ್ಲ ಒಂದು ಸಣ್ಣ ಹಿಡಿ. ಬೆಲ್ಲ ಒಳ್ಳೆಯದಲ್ವಾ ಎಂದು ಅಜ್ಜಿ ಕೇಳಿದರು, ಎಲ್ಲ ಮನೆಯಲ್ಲೂ ಕೇಳುತ್ತಾರೆ. ನೂರು ಗ್ರಾಂ ಬೆಲ್ಲದಲ್ಲಿ ಎಂಬತ್ತು ಗ್ರಾಂ ಆಸುಪಾಸು ಸಕ್ಕರೆಯೇ. ಖರ್ಜೂರದಲ್ಲಿ 60ಕ್ಕೂ ಮೇಲೆ. ಖರ್ಜೂರದ ಬರ್ಫಿಯನ್ನು ಸಕ್ಕರೆ ಹಾಕಿಲ್ಲ ಎಂದು ಮಾರುವ ಅಂಗಡಿಗಳಿವೆ. ಹಾಕಿಲ್ಲ ನಿಜ, ಅದರೊಳಗೇ ಇದೆ. ಬಿಡಿಯಾಗಿ ಮಾರುವ ಸಿಹಿಗೆ ಇನ್ನೊಂದು ತೊಡಕು. 2020ರ ಅಕ್ಟೋಬರ್‌ನಿಂದ ತಟ್ಟೆಯ ಮುಂದೆ ಎಷ್ಟರೊಳಗೆ ತಿನ್ನಬೇಕೆಂಬ ತಾರೀಖು ಹಾಕಬೇಕೆಂದು ನಿಯಮ ಬಂತು, ಒಳಗೇನಿದೆ ಎಂಬ ಪಟ್ಟಿ ಮಾತ್ರ ನಮಗೆ ಕಾಣಸಿಗುವುದಿಲ್ಲ.

ಕಾಫಿಗೆ ಹಾಕಿಕೊಳ್ಳುತ್ತಿದ್ದ ಸಿಹಿ ಮಾತ್ರೆಯನ್ನು ನಾನು ಬಿಡಿಸಲಿಲ್ಲ. ಕಾಫಿಯಿಂದ ಸಕ್ಕರೆ ತೆಗೆದರೆ ಉಳಿಯುವುದು ಕಾಫಿ. ಉಂಡೆಯಿಂದ ಸಕ್ಕರೆ ತೆಗೆದರೆ ಉಳಿಯುವುದು ರವೆ, ತುಪ್ಪ. ತೂಕ ಇಳಿಸಲು ಇಂಥ ಸಿಹಿಕಾರಕಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದು ನಿಜ. ಆದರೆ ಆಗಲೇ ಶುಗರ್ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆದಿದ್ದಾರೆ.

ನಾನು ಕೇಳದೆ ಬಿಟ್ಟಿದ್ದು

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ತೋಟದಲ್ಲಿ ಕಾಯಿ ಸುಲಿಸುವ ಕೆಲಸ. ಯಜಮಾನರು ಗ್ಲಿಮೆಪಿರೈಡ್ ನುಂಗಿ, ತಿಂಡಿ ಆಮೇಲೆ ಮಾಡೋಣ ಎಂದು ಹೋಗಿದ್ದಾರೆ. ಹತ್ತು ಗಂಟೆ ಹೊತ್ತಿಗೆ ಕೈ ನಡುಕ, ಮೈಯೆಲ್ಲ ಬೆವರು, ಕಣ್ಣು ಮಂಜು. ಶುಗರ್ ಇಳಿದಿದೆ ಎಂದು ಅವರಿಗೇ ತಿಳಿಯಿತು. ಜೇಬಿನಲ್ಲಿ ಕಾಗದ ಸುತ್ತಿಟ್ಟ ಉಂಡೆ ಇತ್ತು. ತಿಂದರು. ಇಪ್ಪತ್ತು ನಿಮಿಷ ಮರಕ್ಕೆ ಒರಗಿ ಕೂತರು. ನಡುಕ ನಿಲ್ಲಲಿಲ್ಲ, ಮಾತು ತೊದಲತೊಡಗಿತು.

ಅದು ಶುಗರ್ ಫ್ರೀ ಉಂಡೆ.

ಕಾಯಿ ಸುಲಿಯುವ ಆಳು ತನ್ನ ಫ್ಲಾಸ್ಕಿನ ಟೀ ಕುಡಿಸಿದ. ಆ ಟೀಯಲ್ಲಿ ಸಕ್ಕರೆ ಎಷ್ಟಿರುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹತ್ತು ನಿಮಿಷಕ್ಕೆ ಸುಧಾರಿಸಿಕೊಂಡರು. ಮನೆಗೆ ಬಂದು ನೋಡಿದಾಗ 92.

ಇದರಲ್ಲಿ ನನ್ನ ಪಾಲು ಇದೆ. ದಿನಾ ತಿನ್ನುವುದನ್ನು ನಿಲ್ಲಿಸಿ ಎಂದಿದ್ದೆ. ಲೋ ಆದರೆ ಇರಲಿ ಎಂದು ಜೇಬಿನಲ್ಲಿ ಏನಿಟ್ಟುಕೊಳ್ಳುತ್ತೀರಿ ಎಂದು ಕೇಳಿರಲಿಲ್ಲ. 670 ಕ್ಯಾಲೊರಿ ಊಟ ಕಡಿಮೆಯಾಗಿದೆ, ಬಿಟ್ಟಿದ್ದ ಮೆಟ್‌ಫಾರ್ಮಿನ್ ವಾಪಸ್ ಬಂದಿದೆ, ಗ್ಲಿಮೆಪಿರೈಡ್ ಮಾತ್ರ ಹಳೆಯ ಪ್ರಮಾಣದಲ್ಲೇ ಇದೆ. ಶುಗರ್ ಇಳಿಯಬಹುದು ಎಂದು ನನಗೆ ಹೊಳೆಯಬೇಕಿತ್ತು, ಡಾಕ್ಟರಿಗೆ ಫೋನ್ ಮಾಡಬೇಕಿತ್ತು. ಅವರು ಆಮೇಲೆ ಅದನ್ನು 1 ಮಿಲಿಗ್ರಾಂಗೆ ಇಳಿಸಿದರು. ಖಾಲಿ ಹೊಟ್ಟೆಯಲ್ಲಿ ನುಂಗಿ ತೋಟಕ್ಕೆ ಹೋಗಬಾರದು ಎಂದು ಗದರಿದರು.

ಈಗ ಅವರ ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಇದೆ. 70ಕ್ಕಿಂತ ಕೆಳಗಿಳಿದರೆ 15 ಗ್ರಾಂ, ಅಂದರೆ ಮೂರು ಚಮಚ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಇಲ್ಲಿ ಇನ್ನೊಂದು ಮಾತು ಸೇರಿಸಬೇಕು. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ನುಂಗುವವರಿಗೆ ಲೋ ಆದಾಗ ಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಆ ಮಾತ್ರೆ ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ. ಅವರಿಗೆ ಗ್ಲೂಕೋಸೇ ಬೇಕು. ನಮ್ಮ ಯಜಮಾನರು ಅದನ್ನು ನುಂಗುತ್ತಿರಲಿಲ್ಲ, ಇಲ್ಲದಿದ್ದರೆ ಆಳಿನ ಟೀಯೂ ಅಷ್ಟು ಬೇಗ ಕೈಹಿಡಿಯುತ್ತಿರಲಿಲ್ಲ.

ಏನಾಯಿತು

ಏಪ್ರಿಲ್‌ನಲ್ಲಿ ಎಚ್‌ಬಿಎ1ಸಿ 7.6. ತೂಕ ಎರಡೂವರೆ ಕೇಜಿ ಕಡಿಮೆ. ಇದರಲ್ಲಿ ಉಂಡೆ ಬಿಟ್ಟಿದ್ದರ ಪಾಲೆಷ್ಟು, ಮಾತ್ರೆ ಸರಿಯಾಗಿ ನುಂಗಿದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಮಾತ್ರೆಯದೇ ದೊಡ್ಡ ಪಾಲು ಇರಬಹುದು. ಆದರೆ ಮಾತ್ರೆ ಬಿಟ್ಟಿದ್ದೇ ಉಂಡೆ ಮಾಡಿದ ಬೇಧಿಯಿಂದ. ಹಾಗಾಗಿ ಬೇರೆ ಮಾಡಿ ನೋಡುವುದರಲ್ಲಿ ಅಂಥ ಅರ್ಥವೂ ಇಲ್ಲ.

ನನ್ನ ಕೆಲಸದಲ್ಲಿ ಎರಡು ಪ್ರಶ್ನೆ ಬದಲಾಗಿವೆ. ಸಿಹಿ ತಿನ್ನುತ್ತೀರಾ ಎಂದು ಈಗ ಕೇಳುವುದಿಲ್ಲ. ಕಾಫಿ ಜೊತೆ ಏನು, ಮನೆಯಲ್ಲಿ ಡಬ್ಬಿ ಏನೇನಿದೆ, ಫೋಟೋ ಕಳಿಸಿ ಎನ್ನುತ್ತೇನೆ. ಹೊಟ್ಟೆ ಕೆಟ್ಟಿದೆ ಎಂದರೆ ಮಾತ್ರೆಗೆ ಮುಂಚೆ ಆ ಡಬ್ಬಿ ನೋಡುತ್ತೇನೆ. ಶುಗರ್ ಫ್ರೀ ಸಿಹಿ ತಿನ್ನಲೇಬಾರದಾ ಎಂದು ಕೇಳಿದವರಿಗೆ, ಮಾಮೂಲಿ ಸಿಹಿಯನ್ನು ಎಷ್ಟು ಎಣಿಸಿ ತಿನ್ನುತ್ತೀರೋ ಇದನ್ನೂ ಅಷ್ಟೇ ಎಣಿಸಿ ತಿನ್ನಿ ಎನ್ನುತ್ತೇನೆ. ಹಾಗೆ ಎಣಿಸಬೇಕಾದ ಮೇಲೆ ಜಾಸ್ತಿ ದುಡ್ಡು ಕೊಟ್ಟು ಇದನ್ನೇ ಯಾಕೆ ತಿನ್ನಬೇಕು ಎಂದು ಹೆಚ್ಚಿನವರು ಅವರೇ ಕೇಳಿಕೊಳ್ಳುತ್ತಾರೆ.

ಯುಗಾದಿ ಮರುದಿನ ಸೊಸೆ ಫೋನ್ ಮಾಡಿದ್ದಳು. ಮಾವ ಊಟಕ್ಕೆ ಒಂದು ಹೋಳಿಗೆ ತಿಂದರು, ಎಲೆಗೆ ಅನ್ನ ಹಾಕಿಸಿಕೊಳ್ಳಲಿಲ್ಲ, ಎರಡು ಗಂಟೆಗೆ 174. ಜಗಲಿಗೆ ಎದ್ದು ಹೋಗಲಿಲ್ಲ. ಮತ್ತೆ ನಗುತ್ತಾ ಇನ್ನೊಂದು ಹೇಳಿದಳು. ಯಾರೋ ನೆಂಟರು ಯಜಮಾನರಿಗೆಂದೇ ಒಂದು ಶುಗರ್ ಫ್ರೀ ಡಬ್ಬಿ ತಂದಿದ್ದರಂತೆ. ಯಜಮಾನರು ಅದನ್ನು ತಿರುಗಿಸಿ ಮೊಮ್ಮಗನ ಕೈಗೆ ಕೊಟ್ಟು ಹಿಂದೆ ಏನಿದೆ ಓದು ಎಂದರು. “965 ಅಂತ ಇದೆ ತಾತ” ಎಂದನಂತೆ ಹುಡುಗ. ಯಜಮಾನರು ಡಬ್ಬಿ ಬಿಚ್ಚಿ ನೆಂಟರ ಮುಂದೆಯೇ ಇಟ್ಟರು.

“ನಿಮ್ಗೆ ಶುಗರ್ ಇಲ್ವಲ್ಲ, ತಗೊಳ್ಳಿ. ಒಂದೇ ತಗೊಳ್ಳಿ ಮಾತ್ರ.”